ಬೆರಳು ಚುಚ್ಚಿದರೆ ರೋಜಾ ಮುರಿಯುವುದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ವ್ಯಾಯಾಮದ ಕೋಣೆಯಲ್ಲಿ ವಿಸಿಲ್ ಅಕ್ಕ ಟ್ರೆಡ್‌ಮಿಲ್ಲಿನ ಹಿಡಿಕೆ ಒರೆಸುತ್ತಿದ್ದಾರೆ. ನಸುಕಿಗೆ ಮೊದಲೇ ಉಂಡು ಬಂದಿದ್ದಾರೆ, ಇನ್ನು ಸೂರ್ಯ ಮುಳುಗುವವರೆಗೆ ಹನಿ ನೀರೂ ಇಲ್ಲ. ಊಟ ಒಂದು ಗಂಟೆ ತಡವಾದರೆ ಮನೆಮಂದಿಯ ಮೇಲೆ ಹಾರಾಡುವ ನಾನು, ಅವರ ಕೆಲಸ ನೋಡಲು ಬಂದವನು, ಸುಮ್ಮನೆ ಮೂಲೆಯಲ್ಲಿ ಕೂರುತ್ತೇನೆ.

"ಉಪವಾಸ ಇದ್ರೆ ಕೈ ಚುರುಕು," ಎನ್ನುತ್ತಾರೆ ಅಕ್ಕ. "ಬಾಯಿ ವಿಷಯ ಬಿಡಿ, ಅದು ಯಾವಾಗ್ಲೂ ಚುರುಕೇ."

ಹೆಸರಿಗೆ ಈ ಕೋಣೆಯ ಸಹಾಯಕಿ. ರಂಜಾನ್ ಉಪವಾಸದ ತಿಂಗಳಲ್ಲಿ ಇವರಿಗೆ ಇನ್ನೊಂದು ಕೆಲಸ ಅಂಟಿಕೊಳ್ಳುತ್ತದೆ. ರೋಜಾ ಇರಬಹುದೆಂದು ಡಾಕ್ಟರು ಒಪ್ಪಿದ ಹೃದ್ರೋಗಿಗಳು, ಸಕ್ಕರೆ ಕಾಯಿಲೆಯವರು ಸಂಜೆ, ರೋಜಾ ಬಿಡುವ ಹೊತ್ತಿಗೆ ತುಸು ಮೊದಲು, ಇಲ್ಲಿ ನಿಧಾನವಾಗಿ ನಡೆಯುತ್ತಾರೆ, ಕುರ್ಚಿ ಹಿಡಿದು ಕೂತು ಏಳುತ್ತಾರೆ. ಯಾರಾದರೂ ಏದುಸಿರು ಬಿಟ್ಟರೆ ಅಕ್ಕನ ಕೊರಳ ವಿಸಿಲ್ ಕೂಗುತ್ತದೆ. "ಆಮೇಲೂ ಜೋರು ತೋರಿಸಿದ್ರೆ ಸೀದಾ ಹೆಂಡ್ತಿಗೆ ಫೋನ್!"

ಆ ಗುಂಪಿನಲ್ಲಿ ಅಕ್ಕನ ಗಂಡನೂ ಇದ್ದಾರೆ. ದರ್ಜಿ. ಸಕ್ಕರೆ ಕಾಯಿಲೆ ಹಳೆಯದು, ಹೃದಯಾಘಾತ ಆಮೇಲೆ ಬಂದದ್ದು. ಹಗಲಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳಬೇಕು, ಇಳಿದರೆ ತಕ್ಷಣ ರೋಜಾ ಬಿಡಬೇಕು ಎಂಬುದು ಡಾಕ್ಟರ ಷರತ್ತು. ಹೋದ ವರ್ಷ ಅವರು ನಡೆಯುತ್ತಾ ನಡೆಯುತ್ತಾ ಧೊಪ್ಪೆಂದು ಬಿದ್ದರು. ಮಧ್ಯಾಹ್ನದಿಂದಲೇ ತಲೆ ಸುತ್ತುತ್ತಿತ್ತಂತೆ. ರಕ್ತ ಬಂದರೆ ರೋಜಾ ಮುರಿಯುತ್ತದೆಂದು ಹೆದರಿ ಬೆರಳನ್ನೇ ಚುಚ್ಚಿಕೊಂಡಿರಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ ಬಾಯಿಗೆ ಬಂದ ಅಂಕಿ ಹೇಳುತ್ತಿದ್ದರು.

"ಎಚ್ಚರ ಆದ್ಮೇಲೆ ಕೇಳ್ದೆ, ಸುಳ್ಳು ಹೇಳಿದ್ರೆ ರೋಜಾಗೆ ಏನೂ ಆಗಲ್ವಾ ಅಂತ," ಎಂದು ನಗುವ ಅಕ್ಕನ ದನಿ ಅಲ್ಲೇ ಒಡೆಯುತ್ತದೆ. "ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು."

ವಿಚಾರಿಸಿದರೆ ಗುಂಪಿನ ಅರ್ಧ ಜನರದ್ದು ಅದೇ ಕಥೆ! ಅಕ್ಕ ಮಸೀದಿಯ ಗುರುಗಳನ್ನೇ ನೆಲಮಾಳಿಗೆಗೆ ಕರೆತಂದರು. ಅವರು ಎಲ್ಲರೆದುರು ಬೆರಳು ಚಾಚಿದರು. "ಚುಚ್ಚಮ್ಮ. ನಾನೂ ರೋಜಾ ಇದೀನಿ, ಇದ್ರಿಂದ ಮುರಿಯಲ್ಲ. ಜೀವಕ್ಕೆ ಅಪಾಯ ಅಂದಾಗ ರೋಜಾ ಬಿಡೋದೂ ಧರ್ಮಾನೇ." ಇಷ್ಟು ಹೇಳಿ, ಸೂಜಿ ತಾಗಿದ್ದೇ "ಅಯ್ಯಯ್ಯೋ" ಎಂದರಂತೆ. ಇಡೀ ಕೋಣೆ ನಕ್ಕಿತು, ಆ ನಗೆಯಲ್ಲಿ ಎಲ್ಲರ ಹೆದರಿಕೆಯೂ ಹೋಯಿತು.

ಈ ಸಂಜೆ ದರ್ಜಿ ನಡೆಯುತ್ತಾ ನಡೆಯುತ್ತಾ ನಿಲ್ಲುತ್ತಾರೆ. ತಾವಾಗಿಯೇ ಬಂದು ಬೆರಳು ಚಾಚುತ್ತಾರೆ. ಅಕ್ಕ ಚುಚ್ಚಿ ನೋಡಿದರೆ ಸಕ್ಕರೆ ತೀರಾ ಇಳಿದಿದೆ. ಸೂರ್ಯ ಮುಳುಗಲು ಇನ್ನು ಕೆಲವೇ ನಿಮಿಷ.

"ಇನ್ನೇನು ಆಗೋಯ್ತು, ತಡ್ಕೊಳ್ಳಿ," ಎನ್ನುತ್ತಾರೆ ಪಕ್ಕದವರು.

ಅಕ್ಕ ಗ್ಲೂಕೋಸ್ ನೀರಿನ ಲೋಟ ಚಾಚುತ್ತಾರೆ. ದರ್ಜಿಯ ಕಣ್ಣು ತುಂಬಿದೆ. ಗಡಿಯಾರ ನೋಡುತ್ತಾರೆ, ಹೆಂಡತಿಯ ಮುಖ ನೋಡುತ್ತಾರೆ. ಆಮೇಲೆ ಲೋಟ ತೆಗೆದುಕೊಂಡು ಗಟಗಟ ಕುಡಿದುಬಿಡುತ್ತಾರೆ.

ಅಕ್ಕ ಗೋಡೆಯತ್ತ ತಿರುಗಿ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಪಾಪ, ಗಂಡನ ಉಪವಾಸ ಕೆಟ್ಟಿತೆಂಬ ಬೇಜಾರು ಇರಬೇಕೆಂದುಕೊಂಡು ನಾನು ಹತ್ತಿರ ಹೋಗಿ "ಬೇಜಾರಾಯ್ತಾ?" ಎನ್ನುತ್ತೇನೆ.

"ಬೇಜಾರಾ?" ಎಂದು ನನ್ನನ್ನೇ ಗದರುತ್ತಾರೆ. "ಎಲ್ರೂ ನೋಡ್ತಿದ್ರೂ ನಾಚ್ಕೊಳ್ದೆ ಕುಡಿದ್ರಲ್ರೀ, ನನ್ನ ಗಂಡ!"