ನನ್ನ ರಕ್ತ, ಅವರ ಹಲ್ಲು

ಶಿರಸಿಯಲ್ಲಿ ನಮ್ಮ ಲ್ಯಾಬಿನ ಕೆಳಗೇ ದಂತವೈದ್ಯರ ಕ್ಲಿನಿಕ್ಕು. ಹಲ್ಲು ಕೀಳುವ ಮೊದಲು, ರಕ್ತ ನಿಲ್ಲುತ್ತದೋ ಇಲ್ಲವೋ ಎಂದು ಅನುಮಾನ ಬಂದವರನ್ನೆಲ್ಲ ಅವರು ಮೇಲಕ್ಕೆ ಅಟ್ಟುತ್ತಾರೆ. ಹಾಗೆ ಬಂದವರು ಬನವಾಸಿ ಕಡೆಯ ಬಟ್ಟೆ ವ್ಯಾಪಾರಿ. ಲಿಂಫೋಮಾ ಎಂಬ ಕ್ಯಾನ್ಸರಿಗೆ ಚಿಕಿತ್ಸೆ ನಡೆದಿತ್ತು. ಅದರ ಸುದ್ದಿಯೇ ಇಲ್ಲ, ಬಾಯಿ ಬಿಟ್ಟರೆ ದವಡೆ ಹಲ್ಲಿನ ರಾಮಾಯಣ! ಮೊಳಕೈ ಮೇಲಿನ ಕಪ್ಪು ಕಲೆ ನೋಡಿ, "ಇದೆಂತದು?" ಅಂದೆ.

"ಬಾಗಲಾ ತಾಗಿತ್ರಿ ಅಕ್ಕಾರ. ಈಗೀಗ ಮುಟ್ಟಿದ್ರ ಸಾಕು, ಹಿಂಗಾಗತೈತಿ."

ಅವರ ರಕ್ತ ಹೆಪ್ಪುಗಟ್ಟಲು ದುಪ್ಪಟ್ಟು ಹೊತ್ತು ಹಿಡಿಯಿತು. ಇಂಥಲ್ಲಿ ರೋಗಿಯ ರಕ್ತದ ತಿಳಿಗೆ, ಅಂದರೆ ಪ್ಲಾಸ್ಮಾಕ್ಕೆ, ಆರೋಗ್ಯವಂತರದನ್ನು ಸಮಸಮ ಬೆರೆಸಿ ನೋಡುತ್ತೇವೆ. ಹೆಪ್ಪುಗಟ್ಟಿದರೆ ಏನೋ ಕೊರತೆಯಷ್ಟೇ, ತುಂಬಿಕೊಡಬಹುದು. ಇಲ್ಲವಾದರೆ ಹೆಪ್ಪುಗಟ್ಟಿಸುವ ಅಂಶವನ್ನೇ ಹಾಳುಗೆಡವುವ ಪ್ರತಿಕಾಯಗಳನ್ನು ಅವರ ದೇಹ ಹುಟ್ಟಿಸಿಕೊಂಡಿದೆ ಎಂದರ್ಥ. ಆ ದಿನದ ಆರೋಗ್ಯವಂತೆ ನಾನೇ.

ಬೆರೆಸಿದೆ, ಸರಿಯಾಗಿ ಹೆಪ್ಪುಗಟ್ಟಿತು. ಖುಷಿಯಲ್ಲಿ ಮೆಟ್ಟಿಲ ಮೇಲಿಂದಲೇ ವೈದ್ಯರಿಗೆ ಕೂಗಿದೆ: "ಅಡ್ಡಿಲ್ಲ ಡಾಕ್ಟ್ರೇ, ಪ್ಲಾಸ್ಮಾ ಹಾಕಿಸ್ಕೊಂಡು ಬಂದ್ಮೇಲೆ ಕೀಳ್ಬಹುದು!"

ಅದೇ ಮಿಶ್ರಣದ ಇನ್ನೊಂದು ಟ್ಯೂಬನ್ನು ಬೆಚ್ಚನೆಯ ನೀರಿನಲ್ಲಿಟ್ಟದ್ದು ವ್ಯಾಪಾರಿಯ ಕಣ್ಣಿಗೆ ಬಿತ್ತು.

"ಇದ್ಯಾಕ್ರಿ?"

"ಎರಡು ತಾಸು ಬಿಟ್ಟು ಮತ್ತೊಮ್ಮೆ ನೋಡೂದು."

"ನನ್ನ ರಕ್ತ ಏನು ಬ್ಯಾಳಿಯೇನ್ರಿ, ಬೇಯಾಕ?" ಎಂದು ನಗಿಸಿ, ಪ್ಲಾಸ್ಮಾ ಹಾಕಿಸಿಕೊಳ್ಳಲು ಪಕ್ಕದ ಆಸ್ಪತ್ರೆಗೆ ಹೊರಟರು.

ಕೆಲವು ಪ್ರತಿಕಾಯಗಳದು ನಿಧಾನದ ಕೆಲಸ, ಅದಕ್ಕೇ ಈ ಕಾಯುವಿಕೆ. ನನಗೋ ಹಸಿವು, ಹಸಿದರೆ ಕೋಪ ಮೂಗಿನ ತುದಿಯಲ್ಲಿ. ಹಾಳು ನಿಯಮ ಎಂದು ಗೊಣಗುತ್ತಲೇ ಎರಡು ತಾಸಿಗೆ ಟ್ಯೂಬು ತೆಗೆದೆ.

ಹೆಪ್ಪುಗಟ್ಟಲಿಲ್ಲ. ಮತ್ತೆ ನೋಡಿದೆ. ಊಹೂಂ. ಬೆಳಿಗ್ಗೆ ಚೆನ್ನಾಗಿದ್ದ ನನ್ನ ಪ್ಲಾಸ್ಮಾವೂ ಅವರದರ ಜೊತೆ ಸೇರಿ ಕೆಟ್ಟಿತ್ತು. ಅಯ್ಯೋ ದೇವರೇ, ಹಲ್ಲು ಕಿತ್ತರೆ ಈ ಮನುಷ್ಯನ ರಕ್ತ ನಿಲ್ಲುವುದಿಲ್ಲ!

ಬರಿಗಾಲಲ್ಲೇ ಕೆಳಗೆ ಓಡಿದೆ. ಅವರು ಆಸ್ಪತ್ರೆಯಿಂದ ಬಂದು, ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಿತ್ತು. ವೈದ್ಯರ ಕೈಯಲ್ಲಿ ಮರಗಟ್ಟಿಸುವ ಸೂಜಿ.

"ನಿಲ್ಸಿ! ಮುಟ್ಟಬೇಡಿ!"

ವಿಷಯ ಹೇಳಿದೆ. "ಕೀಳ್ಬಹುದು ಅಂದವಳು ನಾನೇ, ತಪ್ಪಾಯ್ತು" ಎನ್ನುವಾಗ ಅಳು ಬಂದೇಬಿಟ್ಟಿತು. ವೈದ್ಯರು ಸೂಜಿ ಕೆಳಗಿಟ್ಟು, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಫೋನು ಹಚ್ಚಿದರು.

ವ್ಯಾಪಾರಿ ತೆರೆದ ಬಾಯಿ ಮುಚ್ಚಿ ನನ್ನತ್ತ ತಿರುಗಿದರು.

"ಕಿತ್ತಿದ್ರ ಸಾಯ್ತಿದ್ನೇನ್ರಿ ಅಕ್ಕಾರ?"

"ಹೌದು. ಸಾಯ್ಬಹುದಿತ್ತು."

ಅವರು ಅಂಗೈಯಿಂದ ದವಡೆ ಹಿಡಿದುಕೊಂಡರು.

"ನೋಯ್ಲಿ ಬಿಡ್ರಿ ಇದು," ಅಂದರು. "ಇನ್ನಷ್ಟು ದಿನ ನೋಯ್ಲಿ."