ಹೊತ್ತು ಮುಳುಗುವಾಗ ಎಬ್ಬಿಸಿದವಳು

ಚೊಚ್ಚಲ ಹೆರಿಗೆಗೆ ನಾನು ಹುಕ್ಕೇರಿಯಿಂದ ಕೊಣ್ಣೂರಿನ ತವರಿಗೆ ಬಂದಾಗ ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪ ಹೊಲಕ್ಕೆ ಹೋದರೆ ಹಗಲೆಲ್ಲ ಮನೆಯಲ್ಲಿ ಅಕ್ಕ, ನಾನು ಇಬ್ಬರೇ. ಅಕ್ಕ ಮಣೆಯ ಮೇಲೆ ಶಾವಿಗೆ ಹೊಸೆಯುತ್ತಿದ್ದಳು. ನಾನು ಎಳೆಗಳನ್ನು ಕೋಲಿಗೆ ಇಳಿಬಿಟ್ಟು ಒಣಗಿಸುತ್ತಿದ್ದೆ.

ಅಕ್ಕನ ಗಂಡ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದ. ನಾನು ಬರುವ ಹಿಂದಿನ ವರ್ಷ ಒಂದು ದಿನ ಪಾಳಿ ಮುಗಿಸಿ ಬಂದವನು ಹಾಗೇ ಮಲಗಿಬಿಟ್ಟ. ದೀಪ ಹಚ್ಚುವ ಹೊತ್ತಿನಲ್ಲಿ ಯಾರೂ ಮಲಗಿರಬಾರದು ಎಂದು ಅವ್ವ ನಮಗೆ ಕಲಿಸಿದ್ದಳು. ಅಕ್ಕ ಎಬ್ಬಿಸಿದಳು. ಅವನು ಏನೋ ಗೊಣಗಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಮೂಡಲಗಿ ಸಂತೆಯಲ್ಲಿ ಕಂಡೆವು ಎಂದು ಯಾರೋ ಹೇಳಿದರು, ಅಷ್ಟೇ. ಅಕ್ಕ ತವರಿಗೆ ಬಂದಳು. "ಮಲಗಿದಾವನ್ನ ಎಬ್ಬಿಸಿ ಕಳಿಸಿದಾಕಿ ಬಂದಳು ನೋಡ್ರೆ" ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರು.

ಅದೇ ವರ್ಷ ಶ್ರಾವಣದ ಪುರಾಣದಲ್ಲಿ ಅಕ್ಕ ಒಂದು ಕಥೆ ಕೇಳಿದಳು. ಹಾವಿನ ಕುಲದ ಹೆಣ್ಣೊಬ್ಬಳನ್ನು ಒಬ್ಬ ಋಷಿ ಮದುವೆಯಾದ. ಮನಸ್ಸಿಗೆ ಬಾರದ್ದು ಮಾಡಿದರೆ ಬಿಟ್ಟು ಹೋಗುತ್ತೇನೆ ಎಂದು ಮೊದಲೇ ಹೇಳಿದ್ದ. ಒಂದು ಸಂಜೆ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಹೊತ್ತು ಮುಳುಗುತ್ತಿತ್ತು. ಸಂಧ್ಯಾವಂದನೆ ತಪ್ಪೀತೆಂದು ಅವಳು ಎಬ್ಬಿಸಿದಳು. ನಾನು ಅರ್ಘ್ಯ ಬಿಡುವ ಮೊದಲು ಮುಳುಗಲು ಸೂರ್ಯನಿಗೆ ಧೈರ್ಯವಿದೆಯೇ ಎಂದು ಸಿಟ್ಟಾಗಿ ಋಷಿ ಎದ್ದುಹೋದ. ಆಮೇಲಿನ ಪುರಾಣವೆಲ್ಲ ಅವಳ ಹೊಟ್ಟೆಯಲ್ಲಿದ್ದ ಮಗನ ದೊಡ್ಡಸ್ತಿಕೆ. ಮರುದಿನ ಸಂಜೆ ಆಕೆ ಏನು ಮಾಡಿದಳು ಎಂದು ಅಕ್ಕ ಎದ್ದು ಕೇಳಿದಳಂತೆ. ಪುರಾಣದಲ್ಲಿ ಅದಿಲ್ಲ ತಾಯಿ ಎಂದು ಶಾಸ್ತ್ರಿಗಳು ನಕ್ಕರಂತೆ.

ಆ ಕಥೆಯನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದಳೋ. ಅವಳ ಋಷಿಯ ಜಡೆಯಲ್ಲಿ ಹತ್ತಿಯ ಎಳೆ ಅಂಟಿರುತ್ತಿತ್ತು. ಅವನ ಹೆಂಡತಿ ಶಾವಿಗೆ ಹೊಸೆಯುತ್ತಿದ್ದಳು. ಒಂದು ದಿನ ಅವಳು ಎಬ್ಬಿಸುತ್ತಿದ್ದಳು, ಋಷಿ ಹೋಗುತ್ತಿದ್ದ. ಇನ್ನೊಂದು ದಿನ ಎಬ್ಬಿಸುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ತಾನೇ ಎದ್ದು, ಯಾಕೆ ಎಬ್ಬಿಸಲಿಲ್ಲ ಎಂದು ಸಿಟ್ಟಾಗಿ ಹೋಗುತ್ತಿದ್ದ. ಒಮ್ಮೆಯಾದರೂ ಅವನನ್ನು ಮನೆಯಲ್ಲೇ ಇರಿಸು ಎಂದೆ.

ಅಕ್ಕ ಹಿಟ್ಟಿನ ಕೈ ನಿಲ್ಲಿಸಿದಳು. "ಹೆಂಗ ಇರಸ್ಲೆ? ಏನ ಮಾಡಿದ್ರ ಇರ್ತಿದ್ದ, ಅದ ತಿಳಿವಲ್ದು ನನಗ."

ಕೂಸಿಗೆ ಐದು ತಿಂಗಳಾದಾಗ ನಮ್ಮ ಮನೆಯವರು ಬಂಡಿ ತಂದರು. ಮರುದಿನ ಬೆಳಕು ಹರಿಯುವ ಮೊದಲೇ ಹೊರಡಬೇಕಿತ್ತು. ಕೂಸು ಅತ್ತು ಅತ್ತು ನನಗೆ ನಿದ್ದೆಯಿರಲಿಲ್ಲ, ಎಬ್ಬಿಸು ಎಂದು ಅಕ್ಕನಿಗೆ ಹೇಳಿ ಮಲಗಿದ್ದೆ. ಎಚ್ಚರವಾದಾಗ ಬಿಸಿಲು ಪಡಸಾಲೆಗೆ ಬಂದಿತ್ತು. ಹೊರಗೆ ಎತ್ತುಗಳು ನೊಗ ಹೊತ್ತೇ ನಿಂತಿದ್ದವು. ಒಲೆಯ ಮುಂದೆ ನಮ್ಮ ಮನೆಯವರು ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಎದುರಿಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

ಅವಳನ್ನು ಎಬ್ಬಿಸಬಾರದಿತ್ತೇ ಎಂದು ಅವರು ಅಕ್ಕನನ್ನು ಕೇಳಿದ್ದು ಅದು ಎಷ್ಟನೆಯ ಸಲವೋ.

"ಎಬ್ಬಿಸಿದ್ರೂ ಹೋಗವ್ರ, ಬಿಟ್ರೂ ಹೋಗವ್ರ," ಎಂದಳು ಅಕ್ಕ, ಅವರ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ. "ಇದೊಂದ ಉಣ್ರಿ."

ಬಂಡಿ ಹತ್ತಿದ್ದು ಮಧ್ಯಾಹ್ನಕ್ಕೆ. ಅಕ್ಕ ಊರಬಾಗಿಲ ಅಗಸಿಯ ತನಕ ಬರಲಿಲ್ಲ. ತೊಟ್ಟಿಲ ಹಗ್ಗ ಬಿಚ್ಚುವುದಿದೆ ಎಂದು ಒಳಗೇ ಉಳಿದಳು.