ದರ್ಜಿಯ ಕರಿ ಅಂಗಿ

ನಮ್ಮ ಬೀದಿಯ ದರ್ಜಿಗೆ ಪರದೇಶದ ಒಂದು ರಾಕ್ ಬ್ಯಾಂಡ್ ಅಂದರೆ ಪ್ರಾಣ. ಬ್ಯಾಂಡಿನವರಿಗೆ ಮಾತ್ರ ನಮ್ಮ ಸೀಮೆಯೊಂದು ಇದೆಯೆಂಬುದೇ ಗೊತ್ತಿಲ್ಲ. ಅವರ ಪ್ರವಾಸದ ಪಟ್ಟಿ ಹೊರಬಿದ್ದಾಗೆಲ್ಲ ಅವನು ಗಿರಾಕಿಯ ಎದೆಯ ಮೇಲಿನ ಟೇಪನ್ನು ಸರಕ್ಕನೆ ಎಳೆದು ಗೋಡೆಯ ಭೂಪಟಕ್ಕೆ ಹಿಡಿದು, "ನೋಡಿ ಸ್ವಾಮಿ, ಅಲ್ಲೀತನಕ ಬಂದೋರಿಗೆ ಇಲ್ಲಿಗೆ ಬರೋಕೇನು ಧಾಡಿ? ಬರೀ ಒಂದೂವರೆ ಇಂಚು!" ಎಂದು ಗುಡುಗುತ್ತಾನೆ. ಸಿಟ್ಟಿಳಿದ ಮೇಲೆ, "ಮುಂದಿನ ಸಲ ಬಂದೇ ಬರ್ತಾರೆ" ಎನ್ನುತ್ತ, ಆ ದಿನಕ್ಕೆಂದೇ ಹರೆಯದಲ್ಲಿ ಹೊಲಿದಿಟ್ಟ ಕರಿ ಅಂಗಿಯನ್ನು ತೊಟ್ಟು ನೋಡಿ, ಬೆಳೆದ ಹೊಟ್ಟೆಗೆ ತಕ್ಕಂತೆ ಹೊಲಿಗೆ ಬಿಚ್ಚಿ ಸಡಿಲಿಸುತ್ತಾನೆ. ಈ ಸಲದ ಪಟ್ಟಿಯಲ್ಲೂ ನಾವಿಲ್ಲ. ಅಂಗಿ ತಿರುವಿದರೆ ಸಡಿಲಿಸಲು ಒಳಗೆ ನೂಲಿನಷ್ಟೂ ಬಟ್ಟೆ ಉಳಿದಿರಲಿಲ್ಲ. ಅದನ್ನು ಮಗಳ ಅಳತೆಗೆ ಕತ್ತರಿಸಿ ಹೊಲಿದ. "ಒಳಗ್ಯಾಕಪ್ಪಾ ಎರಡಿಂಚು ಬಟ್ಟೆ ಬಿಟ್ಟಿದ್ದೀಯಾ?" ಎಂದಳು ಮಗಳು. "ಇರ್ಲಿ ಬಿಡೇ. ಅವರು ಯಾವಾಗ ಬರ್ತಾರೋ!"